ಮೆತ್ತಗಿನ ನೆಲ

ಬಸರೂರಿನ ಅಕ್ಕಿ ಇಳಿಸಿ ಕುದುರೆ ಏರಿಸಲು ಬಂದವನು ನಾನು,
ಪಾಯಣ್ಣ ಸೆಟ್ಟರ ಲೆಕ್ಕದವ.
ಗಾಳಿ ತಿರುಗುವ ತನಕ ಎಂದು ಜುಲ್ಫಾರದಲ್ಲಿ ನಿಂತೆ.
ಗಾಳಿ ಮೂವತ್ತೊಂದು ಸಲ ತಿರುಗಿತು.

ಮೊದಲ ವರ್ಷವೇ ಅವಳ ಅಪ್ಪ ಸತ್ತ.
ಹಿಂದೆ ಉಳಿದದ್ದು ಒಂದು ಸೀಮೆ:
ಹದಿನಾಲ್ಕು ಊರು, ಎರಡು ಸಿಹಿನೀರ ಬಾವಿ,
ಬೆಟ್ಟದ ಬುಡದವರೆಗೆ ಖರ್ಜೂರ,
ನೀರಿನಡಿಯ ಮುತ್ತಿನ ದಿಬ್ಬಗಳು, ಎಷ್ಟೆಂದು ಅಳೆದವರಿಲ್ಲ.
ಮತ್ತು ಮೈಥಾ, ಹದಿನಾರರವಳು,
ಅಂಗಳದಲ್ಲಿ ಕುಂಟು ಮೇಕೆಯ ಗೊರಸಿಗೆ ಎಣ್ಣೆ ಹಚ್ಚುತ್ತಿದ್ದಳು.
ಮೈಥಾ ಅಂದರೆ ಮೆತ್ತಗಿನ ನೆಲವಂತೆ.
ಚಿಕ್ಕಪ್ಪ ಆ ಅರ್ಥವನ್ನೇ ನಂಬಿ ಹೊರಟ.

ಕಾಜಿ ಹೇಳಿದ: ಮಗಳಿಗೆ ಅರ್ಧ, ಮಿಕ್ಕದ್ದು ತಮ್ಮನಿಗೆ.
ಪರದೆಯ ಆಚೆಯಿಂದ ಕೇಳಿತು:
ಬಾವಿಯಲ್ಲಿ ನನ್ನರ್ಧ ಮೇಲಿನದೋ, ಕೆಳಗಿನದೋ?
ನಕ್ಕವನು ನಾನೊಬ್ಬನೇ. ಅದಕ್ಕೇ ಇರಬೇಕು, ಕರೆಸಿದಳು.

"ನಿಮ್ಮ ಕಡೆ ಹೇಗೆ?"
ನಮ್ಮಲ್ಲಿ ಅಳಿಯಕಟ್ಟು, ಅಮ್ಮಾ.
ಸೊತ್ತು ಹರಿಯುವುದು ಹೆಣ್ಣಿನ ಹೊಟ್ಟೆಯಲ್ಲಿ,
ಬೀಗದಕೈ ಮಾತ್ರ ಸೋದರಮಾವನ ಸೊಂಟದಲ್ಲಿ.
ತುಂಬ ಹೊತ್ತು ಸುಮ್ಮನಿದ್ದಳು.
"ಹಾಗಾದರೆ ಮೊದಲು ಬೀಗದಕೈ."

ಆ ಚಳಿಯಲ್ಲೇ ಹುರ್ಮುಜಕ್ಕೆ ಹೋದಳು,
ಎರಡು ವರ್ಷದ ಕಂದಾಯ ಮುಂಗಡ ಹೊತ್ತು.
ಅದರಲ್ಲಿ ನಮ್ಮ ಸೆಟ್ಟರ ಹೊನ್ನೂ ಇತ್ತು,
ಬಡ್ಡಿ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ.
ಮುದ್ರೆಯೊತ್ತಿದ ಪತ್ರ ತಂದು
ಚಿಕ್ಕಪ್ಪನ ಮಗನನ್ನೇ ಮದುವೆಯಾದಳು.
ಅವನಿಗೆ ಗಿಡುಗದ ಹುಚ್ಚು, ಲೆಕ್ಕದ ಗೊಡವೆಯಿಲ್ಲ.
ಚೆನ್ನಾಗಿದ್ದರು ಅಂತಲೇ ನನ್ನೆಣಿಕೆ.
ಹೆತ್ತದ್ದು ಮೂರು, ಉಳಿದದ್ದು ಒಂದು.

ನಾನು ಹೇಳಬೇಕೆಂದದ್ದು ಇದಲ್ಲ.

ಒಂದು ಬೇಸಗೆ, ಮುಳುಗುವವರ ಸಾಲ ಓದು ಎಂದಳು.
ಅಪ್ಪ ನೀರಲ್ಲಿ ಸತ್ತರೆ ಮಗನ ಹೆಸರಿಗೆ,
ಮಗ ಕಿವಿ ಒಡೆದು ಕೂತರೆ ಅವನ ತಮ್ಮನಿಗೆ.
ಓದುತ್ತ ಓದುತ್ತ ನನ್ನ ಬಾಯಿ ಒಣಗಿತು.
"ನಿಲ್ಲಿಸು. ಈ ಸುಹೈಲನಿಗೆ ಎಷ್ಟು ವಯಸ್ಸು?"
ಒಂಬತ್ತು.
"ನನಗೆ ಸೀಮೆ ಬಂದ ಹಾಗೇ
ಇವನಿಗೆ ಇದು ಬಂದಿದೆ."
ನನ್ನದು ಕಡತ, ಮಸಿಬಟ್ಟೆಯ ಮೇಲೆ ಬಳಪದ ಗೀಟು;
ಒದ್ದೆ ಅರಿವೆಯಲ್ಲಿ ಒಂದೇ ಸಲ ಒರೆಸಿದಳು.
ಮಕ್ಕಳೆಲ್ಲ ಕಪ್ಪಾಗಿ ಹೋದರು.

ನಾಖುದರು ಮರುದಿನವೇ ಹಾಯಿ ಬಿಚ್ಚಿ ಬಹರೈನಿಗೆ ನಡೆದರು.
ಎರಡು ವರ್ಷ ದಿಬ್ಬಗಳಿಗೆ ಯಾರೂ ಇಳಿಯಲಿಲ್ಲ.
ಕಂದಾಯ ಕೇಳಲು ಬಂದ ಹುರ್ಮುಜದ ಆಳುಗಳು
ಬಾವಿಕಟ್ಟೆಯ ಮೇಲೇ ಬಿಡಾರ ಹೂಡಿ
ಕುದುರೆಗೆ ಕುಡಿಸಿದ ಮೇಲೆ ಊರಿಗೆ ನೀರು ಬಿಟ್ಟರು.

ಮೂರನೆಯ ವರ್ಷ ಮತ್ತೆ ಕರೆಸಿದಳು.
ಈ ಸಲ ಕಾಗದ, ಮಸಿ, ಅವಳದೇ ಕೈ.
ನಾನು ಹೇಳುತ್ತ ಹೋದೆ. ಒಂದು ಹೆಸರೂ ಮರೆತಿರಲಿಲ್ಲ,
ಅದು ನನ್ನ ಕಸುಬು, ನನ್ನ ಪಾಪ.
ಸುಹೈಲನನ್ನು ಮಾತ್ರ ದಾಟಿಸಿ
ಮುಗಿಯಿತಮ್ಮಾ ಎಂದೆ.
ಅವಳು ಲೇಖನಿ ಕೆಳಗಿಡಲಿಲ್ಲ.
"ಇನ್ನೊಬ್ಬನಿದ್ದ" ಎಂದಳು.

ಹೋದ ತಿಂಗಳು ಅವಳನ್ನು ಮಣ್ಣಿಗಿಟ್ಟರು.
ಕಾಜಿಯ ಮಗ ಈಗ ಕಾಜಿ. ಅರ್ಧ, ಎಂದಿದ್ದಾನೆ.
ಗೋರಿಯ ಜಾಗದಲ್ಲಿ ಒಂದು ಗೇಣಿನ ಕೆಳಗೆ ಬರೀ ಹವಳದ ಕಲ್ಲು.
ಮೂವರು ಹಾರೆ ಹಿಡಿದಿದ್ದರು.
ಅವರಲ್ಲಿ ಸುಹೈಲ್ ಒಬ್ಬ,
ಎರಡೂ ಕಿವಿ ಕಡಲಿಗೆ ಕೊಟ್ಟವನು.
ಸಾಕು, ಸಾಕು ಎಂದು ಉಳಿದವರು ಕೂಗಿದರೂ
ಅವನು ಅಗೆಯುತ್ತಲೇ ಇದ್ದ.