ನೀಲಿ ಪೆನ್ಸಿಲ್

ಹ್ಯಾಲಿಫ್ಯಾಕ್ಸಿನ ನಮ್ಮ ನಾಟಕಮಂದಿರದ ನೆಲಮಾಳಿಗೆಯಲ್ಲಿ
ಬಾಯ್ಲರಿನ ಪಕ್ಕ, ಇಲಿ ಕಡಿದ ಪರದೆಗಳ ಕೆಳಗೆ
ಸಿಕ್ಕಿತು ಆ ಪ್ರತಿ: ಅರವತ್ತೇಳನೆಯ ಇಸವಿ,
ಟೈಪು ಮಾಡಿದ ಹಾಳೆ, ತುಕ್ಕು ಹಿಡಿದ ಪಿನ್ನು,
ನಲವತ್ತೊಂದನೆಯ ಪುಟದಲ್ಲಿ
ಅಡ್ಡಡ್ಡ ಎಳೆದ ಒಂದು ನೀಲಿ ಗೆರೆ.

ಗೆರೆಯ ಅಡಿಯಲ್ಲಿ ಮಾತು ಇನ್ನೂ ಓದಲು ಬರುತ್ತದೆ:
"ನಿಮ್ಮ ದೇವರು ಬಂದು ನಮ್ಮ ಗಿರಣಿಯಲ್ಲಿ
ಒಂದೇ ಒಂದು ರಾತ್ರಿಪಾಳಿ ಮಾಡಲಿ, ಪಾದ್ರಿಗಳೇ,
ಆಮೇಲೆ ಭಾನುವಾರದ ಮಾತು."
ಅಂಚಿನಲ್ಲಿ ಲಂಡನ್ನಿನ ಸಾಹೇಬರ ಕೈಬರಹ,
ದುಂಡಗೆ, ಮರ್ಯಾದಸ್ಥವಾಗಿ:
"ಬಿಡತಕ್ಕದ್ದು. ಬೇಕಾದರೆ ಈಕೆ
ಚಹಾದ ಬಟ್ಟಲು ಕೆಳಗಿಡಬಹುದು."

ಡೋರೀನ್ ಬೂತ್‌ರಾಯ್ಡ್‌ಗೆ ಈಗ ಎಂಬತ್ತೊಂಬತ್ತು.
ಅಂದು ಪರದೆಯ ಮರೆಯಲ್ಲಿ ಕೂತು
ಮರೆತವರ ಬಾಯಿಗೆ ಮಾತು ಕೊಡುತ್ತಿದ್ದವಳು.
ರಕ್ತದೊತ್ತಡದ ಗುಳಿಗೆಗೆಂದು ನನ್ನ ಅಂಗಡಿಗೆ ಬಂದಾಗ
ಪ್ರತಿ ತೋರಿಸಿದೆ.
ಕನ್ನಡಕ ಹುಡುಕಲೇ ಇಲ್ಲ. ಬಾಯಿಪಾಠ.

"ಹದಿನೆಂಟು ರಾತ್ರಿ ಕಣೇ,
ಹದಿನೆಂಟು ರಾತ್ರಿ ಆ ಬಟ್ಟಲು ಕೆಳಗಿಳಿಯಿತು.
ಟಿಣ್.
ಮೊದಲ ದಿನ ಯಾರಿಗೂ ತಿಳಿಯಲಿಲ್ಲ.
ಮೂರನೆಯ ದಿನಕ್ಕೆ ಊರಿಗೆಲ್ಲ ಗೊತ್ತು
ಟಿಣ್ ಅಂದರೆ ಏನಂತ.
ಮಗ್ಗದ ಗದ್ದಲದಲ್ಲಿ ತುಟಿ ನೋಡಿಯೇ
ಸುಖದುಃಖ ಮಾತಾಡಿದ ಗಿರಣಿಯ ಹೆಂಗಸರು
ಕತ್ತಲಲ್ಲಿ ಒಟ್ಟಿಗೆ ತುಟಿ ಆಡಿಸುತ್ತಿದ್ದರು, ಸದ್ದಿಲ್ಲದೆ.
ಕೇಸು ಹಾಕು ನೋಡೋಣ ತುಟಿಯ ಮೇಲೆ!"

ಮರುವರ್ಷದ ಆಗಸ್ಟ್. ರಂಗದ ಹಿನ್ನೆಲೆ ಬರೆಯುತ್ತಿದ್ದ ಓತಕಾರ್,
ಪ್ರಾಗಿನಿಂದ ಆರು ತಿಂಗಳಿಗೆಂದು ಬಂದವನು,
ರೇಡಿಯೋದಲ್ಲಿ ತನ್ನೂರಿನ ಬೀದಿಗಳ ಹೆಸರು ಕೇಳಿದ,
ಟ್ಯಾಂಕುಗಳ ಜೊತೆಗೆ.
ಕುಂಚ ತೊಳೆದಿಟ್ಟ. ಐದು ವಾರ ಮಾತಿಲ್ಲ.

ಸೆಪ್ಟೆಂಬರಿನ ಕೊನೆಗೆ ಇಲ್ಲಿ ಕಾಯಿದೆ ಬದಲಾಯಿತು,
ಲಂಡನ್ನಿನ ಪೆನ್ಸಿಲ್ಲಿಗೆ ನಿವೃತ್ತಿ.
ನಾಟಕ ಮತ್ತೆ ರಂಗವೇರಿತು. ನಟಿ ಬಟ್ಟಲು ಹಿಡಿದೇ
ಪೂರಾ ಮಾತು ಆಡಿದಳು, ಬಿಡಿಬಿಡಿಯಾಗಿ.

ಯಾರೋ ಕೆಮ್ಮಿದರು.
ಹಿಂದಿನ ಸಾಲಿನಿಂದ ಒಂದು ದನಿ: "ಇಷ್ಟೇನಾ?"

ಡೋರೀನ್ ಈಗಲೂ ನಗುತ್ತಾಳೆ, ದಮ್ಮು ಕಟ್ಟುವಷ್ಟು.
"ಓತಕಾರ್ ಮಾತ್ರ ನಗಲಿಲ್ಲ.
ಜನ ಹೋದ ಮೇಲೆ ಖಾಲಿ ಕುರ್ಚಿಗಳ ನಡುವೆ ನಿಂತು
ಇನ್ನೊಮ್ಮೆ ಹೇಳಿ ಅಂದ, ನನಗೆ. ಹೇಳಿದೆ.
ಇನ್ನೂ ಒಮ್ಮೆ ಅಂದ.
'ಇಷ್ಟೇನಾ ಅನ್ನುವುದಕ್ಕೂ ಒಂದು ದೇಶ ಬೇಕು'
ಅಂದವನೇ ಕುಂಚ ನೆನೆಹಾಕಿದ."

ಗುಳಿಗೆಯ ಡಬ್ಬಿಗೆ ಚೀಟಿ ಅಂಟಿಸುತ್ತಿದ್ದೆ.
ಸೊಟ್ಟಗೆ ಅಂಟಿತು.
ಕಳೆದ ಮಂಗಳವಾರ ಅದೇ ಮಂದಿರದ ಸಮಿತಿಯ ಮುಂದೆ
ಇಪ್ಪತ್ತಮೂರು ವರ್ಷದ ಹುಡುಗಿಯೊಬ್ಬಳ ನಾಟಕ ಬಂದಿತ್ತು.
ಚೆನ್ನಾಗಿದೆ, ಆದರೆ ಸಮಯ ಸರಿಯಿಲ್ಲ,
ಯಾರಿಗಾದರೂ ನೋವಾದೀತು,
ಛಾವಣಿಗೆ ದುಡ್ಡು ಕೊಟ್ಟವರು ಏನಂದಾರು
ಅಂದೆವು, ಶುಂಠಿ ಬಿಸ್ಕತ್ತು ಚಹಾದಲ್ಲಿ ಅದ್ದುತ್ತ.
ಏಳು ಕೈ ಮೇಲೆದ್ದವು. ನನ್ನದೂ.
ಒಂದಕ್ಷರವನ್ನೂ ಹೊಡೆದುಹಾಕಲಿಲ್ಲ ನಾವು.
ಅವಳಿಗೆ ಹೋದ ಪತ್ರದಲ್ಲಿ "ಮುಂದಿನ ಸಲ" ಅಂತಿತ್ತು.
ಅರವತ್ತು ವರ್ಷ ಬಿಟ್ಟು ನೆಲಮಾಳಿಗೆ ಕೆದಕಿದವರಿಗೆ
ನಮ್ಮ ಗೆರೆ ಸಿಗುವುದಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು:
ಅಜ್ಜಿ ಹೇಳುತ್ತಿದ್ದದ್ದು, ನನ್ನ ಬಾಯಿ ಮುಚ್ಚಿಸಲು.
ಆಡದೇ ಇದ್ದದ್ದು ಎಲ್ಲಿಗೆ ಹೋಯಿತಜ್ಜಿ?

ಡೋರೀನ್ ಚೀಲ ಎತ್ತಿಕೊಂಡಳು. ಬಾಗಿಲ ಬಳಿ ತಿರುಗಿ
ಗಾಜಿನ ಆಚೆಯಿಂದ ಏನೋ ಹೇಳಿದಳು,
ತುಟಿಯಲ್ಲಷ್ಟೇ.
ನನಗೆ ತುಟಿ ಓದಲು ಬರುವುದಿಲ್ಲ.
ಬಸ್ಸು ಬಂತು. ಹತ್ತಿ ಹೋದಳು.