ಗುಳ್ಳೆ

ಕಾಸಾಬ್ಲಾಂಕಾದಲ್ಲಿ ರಾತ್ರಿ ಹತ್ತೂವರೆ.
ತಕ್ಕಡಿಯ ಗಾಜಿನ ಬಾಗಿಲನ್ನು ಎರಡೇ ಬೆರಳಲ್ಲಿ ಸರಿಸಿ
ಕೌತರ್ ಬಿಳಿಪುಡಿ ತೂಗುತ್ತಾಳೆ:
ಸೊನ್ನೆ ಬಿಂದು ಒಂಬತ್ತು ಒಂಬತ್ತು ಏಳು.
‘ಉಸಿರು ಬಿಡಬೇಡಮ್ಮ, ಅಂಕಿ ಕುಣಿಯುತ್ತದೆ.’

ಅಮ್ಮ ಹನಿಯಾ, ನಾಳೆ ಕಣ್ಣಿನ ಡಾಕ್ಟರಿಗೆ ತೋರಿಸಲು
ಅಲ್ ಜದೀದಾದಿಂದ ಸಂಜೆ ಬಸ್ಸಿಗೆ ಬಂದವಳು,
ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು ಉಸಿರು ಹಿಡಿದಳು.
ಆಮೇಲೆ ಅಂದಳು:
‘ಇಂಥ ತಕ್ಕಡಿ ಆ ವರ್ಷ ನಮ್ಮ ದಂಡೆಯಲ್ಲಿರಬೇಕಿತ್ತು.’

ಆ ವರ್ಷ ಲಾರಿಯವನ ಕೊಕ್ಕೆತಕ್ಕಡಿ
ಮೂಟೆಗೆ ಐದು ಕಿಲೋ ನುಂಗುತ್ತಿತ್ತು, ತೇಗುತ್ತಿರಲಿಲ್ಲ.
ಬಂಡೆಯ ಬುಡಕ್ಕೆ ಕೂದಲಿನಂತೆ ಅಂಟಿದ ಕೆಂಪು ಪಾಚಿ;
ಬೂಶೈಬ್ ಮಾವ ರಬ್ಬರ್ ಕೊಳವೆ ಕಚ್ಚಿ ಇಳಿದು ಕಿತ್ತರೆ
ಹರವಿ, ಮಗುಚಿ, ಚಿಪ್ಪಿನ ಚೂರು ಹೆಕ್ಕಿ ಒಣಗಿಸುವುದು
ಇವಳ ಪಾಲು.
ಅದನ್ನು ಯಾರೋ ಬೇಯಿಸಿ, ಸೋಸಿ, ಹಿಂಡಿ,
ಬಣ್ಣ ತೆಗೆದು, ನಾತ ತೆಗೆದು,
ಎಲ್ಲೆಲ್ಲಿಗೋ ಹಡಗು ಹತ್ತಿಸಿ
ಅಗರೋಸ್ ಎಂದು ಹೆಸರಿಟ್ಟು ಈ ಡಬ್ಬಿಯಲ್ಲಿ ಕೂರಿಸಿದ್ದಾರೆ.
ಹನಿಯಾ ಮೂಸಿ ನೋಡಿದಳು.
‘ಇದರಲ್ಲಿ ಸಮುದ್ರ ಇಲ್ಲ’ ಅಂದಳು,
ಮುಚ್ಚಳ ಬಿಗಿಯಾಗಿ ತಿರುಗಿಸಿದಳು.

ಪುಡಿ ಕುದಿದು ತಿಳಿಯಾಯಿತು. ತಟ್ಟೆಗೆ ಸುರಿದು
ಬಾಚಣಿಗೆ ನಿಲ್ಲಿಸಿ, ಹೆಪ್ಪುಗಟ್ಟಿದ ಮೇಲೆ ಮೆಲ್ಲಗೆ ಕಿತ್ತರೆ
ಹಲ್ಲಿದ್ದಲ್ಲೆಲ್ಲ ಪುಟ್ಟ ಗುಂಡಿ.
ಗುಂಡಿಗೊಂದು ನೀಲಿ ಹನಿ.
ಮೂರನೆಯದು ಮೆಕ್ನೆಸ್ ಕಡೆಯ ಒಂದು ಆಲಿವ್ ಎಲೆಯ ಸಾರ:
ರೋಗದ ಒಂದೆಳೆ ಅಡಗಿದ್ದರೂ ಅದನ್ನು ಕೋಟಿಯಾಗಿಸುವ ಕಿಣ್ವ
ಮಧ್ಯಾಹ್ನವೆಲ್ಲ ಅದರಲ್ಲಿ ದುಡಿದಿದೆ.
ತೋಟದವನು ಮೂರು ಸಲ ಫೋನು ಮಾಡಿದ್ದಾನೆ,
ಕಡಿಯಲೋ, ಬಿಡಲೋ.

ಸ್ವಿಚ್ಚು. ಹತ್ತು ನಿಮಿಷ. ಇಪ್ಪತ್ತು.
‘ಗುಳ್ಳೆ ಇಲ್ಲವಲ್ಲೇ’ ಅಂದಳು ಹನಿಯಾ.
‘ಪೊರೆಗಣ್ಣಿಗೆ ಅದೆಲ್ಲ ಕಾಣೋದಿಲ್ಲಮ್ಮ, ಸುಮ್ಮನಿರು.’
‘ಗುಳ್ಳೆ ಇಲ್ಲ.’

ಮೂವತ್ತು ಬೇಸಿಗೆ ಅವಳು ಸಮುದ್ರ ನೋಡಿದ್ದೇ ಇಲ್ಲ.
ಕೊಳವೆ ಇಳಿದ ಜಾಗದಲ್ಲಿ
ನೀರು ಉಸಿರಾಡುವುದನ್ನಷ್ಟೇ ನೋಡಿದ್ದು.
ಒಂದು ದಿನ ಅದು ನಿಂತಿತು.
ಇವಳ ಕೂಗಿಗೆ ದೋಣಿಯವರು ಹಗ್ಗ ಎಳೆದರು.
ಬೂಶೈಬ್ ಬಂದ,
ಒಂದು ಕಿವಿಯನ್ನು ಅಲ್ಲೇ ತಳದಲ್ಲಿ ಬಿಟ್ಟು.

ಕೌತರ್ ಬಗ್ಗಿ ನೋಡಿದಳು. ತಂತಿ ನುಣ್ಣಗಿತ್ತು,
ನೀಲಿ ಹನಿಗಳು ಹಾಕಿದಲ್ಲೇ ಕೂತಿದ್ದವು.
ಒಂದೇ ಬಿಳಿಯ ಎರಡು ಕ್ಯಾನು;
ತೊಟ್ಟಿಗೂ ತಟ್ಟೆಗೂ ಬರೀ ನೀರು ಸುರಿದಿದ್ದಾಳೆ,
ಲವಣದ ದ್ರಾವಣವಲ್ಲ, ಬಟ್ಟಿ ಇಳಿಸಿದ ಶುದ್ಧ ಸಪ್ಪೆ.
ವಿದ್ಯುತ್ತಿಗೆ ಕಾಲಿಡಲು ಜಾಗವಿಲ್ಲ.

ಉಪ್ಪಿಗಿಂತ ರುಚಿಯಿಲ್ಲ
ಎಂದು ನಮ್ಮಲ್ಲೊಂದು ಗಾದೆಯಿದೆ. ಅರ್ಧವಷ್ಟೇ ಹೇಳಿದೆ.
ಉಳಿದರ್ಧ ಆ ಕುರ್ಚಿಯಲ್ಲಿ ಕೂತು
ಚೀಲದಿಂದ ರೊಟ್ಟಿ ಬಿಚ್ಚುತ್ತಿತ್ತು.
ಇಲ್ಲಿ ತಿನ್ನಬಾರದು ಎಂದು ಕೌತರ್ ಹೇಳಲಿಲ್ಲ,
ಕಾರಿಡಾರಿಗೆ ಕುರ್ಚಿ ಎಳೆದು ಕೊಟ್ಟಳು.

ಎರಡನೆಯ ಸಲ, ನಡುರಾತ್ರಿ, ತಂತಿಯುದ್ದಕ್ಕೂ
ಸಾಸಿವೆಗಿಂತ ಸಣ್ಣ ಗುಳ್ಳೆ.
ಮೈತುಂಬ ಋಣ ಹೊತ್ತ ಡಿಎನ್‌ಎ ಎಳೆಗಳು
ಕೆಂಪು ತಂತಿಯ ಕಡೆಗೆ ಹೊರಟವು,
ಗಿಡ್ಡವು ನುಸುಳಿ ಮುಂದೆ,
ಉದ್ದವು ಪಾಚಿಯ ಜಾಲದಲ್ಲಿ ತೊಡರುತ್ತ ಹಿಂದೆ.

ನೀಲಿ ಬೆಳಕಿಗಿಟ್ಟಾಗ
ಏಣಿಯ ಮೆಟ್ಟಿಲೆಲ್ಲ ಹೊಳೆದವು.
ಬೇಕೆಂದೇ ರೋಗ ಸೇರಿಸಿಟ್ಟ ಸಾಲೂ ಹೊಳೆಯಿತು.
ಆಲಿವ್ ಎಲೆಯ ಸಾಲು ಮಾತ್ರ ಖಾಲಿ.

‘ಆಗಲೂ ಖಾಲಿ, ಈಗಲೂ ಖಾಲಿ’ ಅಂದಳು ಹನಿಯಾ.
‘ಆಗ ಯಾರೂ ಹೊರಟೇ ಇರಲಿಲ್ಲಮ್ಮ.
ಈಗ ಬರಬೇಕಾದವರೆಲ್ಲ ಬಂದಿದ್ದಾರೆ, ರೋಗ ಬಂದಿಲ್ಲ.’
ಹನಿಯಾ ಒಪ್ಪಿದಳು. ದಂಡೆಯ ಲೆಕ್ಕವೂ ಅದೇ.

ಒಂದು ಗಂಟೆಗೆ ತೋಟದವನ ಫೋನಿಗೆ
ಒಂದೇ ಮಾತು ಹೋಯಿತು: ಕಡಿಯಬೇಡ.
ಮೊದಲ ಸಪ್ಪೆ ಹಲ್ಲೆ ಕಸದ ಡಬ್ಬಿಯಲ್ಲಿ ನಡುಗುತ್ತಿತ್ತು.
ಬೆಳಗ್ಗೆ ಡಾಕ್ಟರು ಗೋಡೆಯ ಫಲಕ ತೋರಿಸಿ
ಕೊನೆಯ ಸಾಲು ಓದು ಅನ್ನುತ್ತಾರೆ.
ಅವಳಿಗೆ ಅದು ಕಾಣುವುದಿಲ್ಲ.