ಕಂಬ ನಲವತ್ತಮೂರು

ಮನೆ ಇದ್ದವರನ್ನು ಎಣಿಸಲು ಇಪ್ಪತ್ತು ದಿನ,
ಇಲ್ಲದವರಿಗೆ ಒಂದು ರಾತ್ರಿ.
ತರಬೇತಿಯಲ್ಲಿ ಹಾಗೆಂದರು,
ಚಹಾ, ಪರಿಪ್ಪುವಡೆ ಕೊಟ್ಟು.
ನನ್ನ ಪಾಲಿಗೆ ಬಂದದ್ದು ಕಾಸರಗೋಡು ಪೇಟೆ,
ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿವರೆಗೆ
ಮೇಲ್ಸೇತುವೆಯ ಅಡಿ.

ಮೇಲೆ ಲಾರಿಗಳು ಮಂಗಳೂರಿಗೆ ಹೋಗುವಾಗ
ಕೆಳಗೆ ಲೋಟದ ನೀರು ಸಣ್ಣಗೆ ನಡುಗುತ್ತದೆ.
ಆ ನೀರಿನ ಪಕ್ಕ ಮಲಗಿದ್ದವನು
ಟಾರ್ಚಿಗೆ ಕೈ ಅಡ್ಡ ಹಿಡಿದು
"ಟೀಚರಲ್ವಾ? ನಿಮ್ಮ ಚೌಕುಳಿ ಕೊಡೆಗೆ
ಎರಡು ಸಲ ಕಡ್ಡಿ ಹಾಕಿದವ ನಾನು" ಅಂದ.

ಕೊಡೆ ರಿಪೇರಿಯ ಮಾಂಕು.
ಹೌದು, ಅಂದುಂಞಿ ಹಾಜರ ಬಟ್ಟೆ ಅಂಗಡಿಯ ಜಗಲಿ,
ಮುರಕಲ್ಲಿನ ಮೂರು ಮೆಟ್ಟಿಲು, ಕಾವಿ ನೆಲ.
ಹಗಲು ಅಲ್ಲಿ ಮೂಳೆ ಮುರಿದ ಕೊಡೆಗಳ ಕಪ್ಪು ರಾಶಿ.
ಶಟರ್ ಎಳೆದ ಮೇಲೆ ಮಾಂಕು, ಲಾಟರಿ ಮಾರುವ ದೇಯಿ,
ಮತ್ತೆ ಯಾವ ಮಾತಿನವನೆಂದು ಕೊನೆಗೂ ತಿಳಿಯದ ಒಬ್ಬ ಅಜ್ಜ.
ಏಳು ಭಾಷೆಯ ಊರು ಅನ್ನುತ್ತೇವೆ;
ಅವನದು ಎಂಟನೆಯದು.

ಹಾಜರು ಬೀಗದ ಕೈ ಕಿಸೆಗೆ ಹಾಕುತ್ತ
"ಬೀಡಿ ಸೇದಿದರೆ ಓಡಿಸ್ತೇನೆ" ಅನ್ನುತ್ತಿದ್ದರು.
ಒಬ್ಬರನ್ನೂ ಓಡಿಸಿದವರಲ್ಲ.
ಮಳೆಗಾಲಕ್ಕೆ ಮುಂಚೆ ಟಾರ್ಪಾಲು ಕಟ್ಟಿಸುತ್ತಿದ್ದರು,
ಕೇಳಿದರೆ, ಬಟ್ಟೆ ಒದ್ದೆಯಾಗಬಾರದಲ್ಲ.

ಈಗ ಅಲ್ಲಿ ಐದು ಮಾಳಿಗೆ. ಗಾಜು.
ನೆಲದಿಂದ ನೆಟ್ಟಗೆ ಎದ್ದು ನಿಂತಿದೆ,
ಕುಂಡೆ ಊರಲು ಒಂದು ಗೇಣು ಬಿಡದೆ.

ಫೋನಿನ ಆ್ಯಪ್ ಕಟ್ಟಡದ ನಂಬರು ಕೇಳಿತು.
ಮನೆಯಿಲ್ಲದವರ ಪುಟದಲ್ಲೂ ಕೇಳಿತು.
ಮಾಂಕು ತಲೆಯಡಿಯ ಗಂಟಿನಿಂದ
ತುಕ್ಕು ಹಿಡಿದ ತಗಡೊಂದು ತೆಗೆದ: ೪/೨೧೭.
"ಜೆಸಿಬಿ ಬಂದ ದಿನ ಕಿತ್ತಿಟ್ಟುಕೊಂಡೆ.
ಅಕ್ಕನ ಕಾಗದ ಬರುವುದು ಇದಕ್ಕೇ."
ಒತ್ತಿದೆ. ಅಂಥ ನಂಬರಿಲ್ಲವೆಂದು ಕೆಂಪು ಬಂತು.
ಇನ್ನೊಮ್ಮೆ ಒತ್ತಿದೆ.
"ಹಾಗಾದರೆ ಇದು ಬರೀರಿ" ಅಂತ ಕಂಬ ತೋರಿಸಿದ,
ಇಂಜಿನಿಯರು ಬಿಳಿ ಪೇಂಟಿನಲ್ಲಿ ಬರೆಸಿದ್ದು, ೪೩.
"ಗಟ್ಟಿ ಉಂಟು. ನೂರು ವರ್ಷಕ್ಕೆ ಎಂತ ಆಗ್ಲಿಕ್ಕಿಲ್ಲ."

"ನೀವು ಈಗ ಎಲ್ಲಿ?"
ಚೆರ್ಕಳದ ಆಚೆ, ಗುಡ್ಡ ಕಡಿದಲ್ಲಿ, ಫ್ಲಾಟು.
ಗಾಳಿ ಉಂಟಾ? ಉಂಟು.
ನೀರು? ಟ್ಯಾಂಕರಿನಲ್ಲಿ ಬರ್ತದೆ.
ನೆರೆಕರೆ?
ಬಾಗಿಲುಗಳು ಉಂಟು ಅಂದೆ.
ಅವನು ನಕ್ಕ, ಅಥವಾ ಮೇಲೆ ಲಾರಿ ಹೋಯಿತು.

ಏಳುವಾಗ ಚೀಲದಿಂದ ಇಣುಕುತ್ತಿದ್ದ ಕೊಡೆ ಇಸಕೊಂಡ.
ಫೆಬ್ರವರಿ, ಬಿಸಿಲಿಗೆಂದು ಇಟ್ಟುಕೊಂಡದ್ದು.
"ಸ್ಪ್ರಿಂಗ್ ಸಡಿಲ. ಇಪ್ಪತ್ತು ರೂಪಾಯಿ. ಗುರುವಾರ ಬನ್ನಿ."
ಎಲ್ಲಿಗೆ ಅಂತ ಕೇಳಿ ನಾಲಗೆ ಕಚ್ಚಿಕೊಂಡೆ.
"ಇಲ್ಲಿಗೇ ಟೀಚರೇ, ಮತ್ತೆಲ್ಲಿಗೆ?"

ಗೇಟಿಗೆ ತಲುಪಿದಾಗ ಎರಡು ಗಂಟೆ.
ಹೊಸ ವಾಚ್‌ಮನ್, ಪಾಪ, ಒರಿಸ್ಸಾದ ಹುಡುಗ,
ನಾನು ಇಲ್ಲಿಯವಳೆಂದು ನಂಬದೆ
ರಿಜಿಸ್ಟರು ಚಾಚಿದ.
ಎಲ್ಲಿಂದ ಬಂದಿರಿ, ಯಾರ ಮನೆಗೆ, ಯಾಕೆ.
ಮೂರೂ ಖಾನೆ ತುಂಬಿದೆ. ಹೇಗೆ ತುಂಬಿದೆನೋ.

ಗುರುವಾರ ಶಾಲೆ ಬಿಟ್ಟು ನೇರ ಅಲ್ಲಿಗೆ.
ನಲವತ್ತೊಂದರಿಂದ ನಲವತ್ತಾರರವರೆಗೆ
ಎದೆಯೆತ್ತರ ಕಬ್ಬಿಣದ ಬೇಲಿ,
ಒಳಗೆ ಹೊಸ ಮಣ್ಣು, ಕ್ರೋಟನ್ ಗಿಡ,
ಎರಡು ಭಾಷೆಯಲ್ಲಿ ಬೋರ್ಡು: ಹೂ ಕೀಳಬಾರದು.
ಹೂವಿರಲಿಲ್ಲ.
ಕಂಬದ ನಂಬರಿನ ಮೇಲೆ ಬಳಿದ ಹಸುರು ಇನ್ನೂ ಹಸಿ.

ಬೇಲಿಯ ಸರಳಿಗೆ ನನ್ನ ಚೌಕುಳಿ ಕೊಡೆ
ತೂಗಿಹಾಕಿತ್ತು, ಸುತ್ತಿ, ದಾರ ಕಟ್ಟಿ.
ಗುಂಡಿ ಒತ್ತಿದೆ. ಟಪ್ಪೆಂದು ಬಿಚ್ಚಿತು.

ಸೇತುವೆಯ ನೆರಳಿನೊಳಗೆ ಇನ್ನೊಂದು ಪುಟ್ಟ ನೆರಳು.
ಅದರಡಿ ನಿಂತೆ, ಜನ ನೋಡುತ್ತಿದ್ದರು,
ಇಪ್ಪತ್ತರ ನೋಟು ಮಡಚಿ ಹಿಡಿದುಕೊಂಡು.